ಕಾರ್ಟೂನು ನೋಡಿ ಕಲಿತ ಜಪಾನಿ, ಏನೀಗ?

ಕೆಲಸ ಸಿಕ್ತು! ನನ್ನ ಮೊಮ್ಮಗಳಿಗೆ ದೊಡ್ಡನೆಕ್ಕುಂದಿಯ ಮಷೀನು ಕಂಪನಿಯಲ್ಲಿ ದುಭಾಷಿ ಕೆಲಸ ಸಿಕ್ತು. ಜಪಾನಿನಿಂದ ಮಷೀನು ಕೂರಿಸೋಕೆ ಬರೋ ಸಾಹೇಬರು ಏನು ಹೇಳ್ತಾರೋ ಅದನ್ನ ನಮ್ಮ ಹುಡುಗರಿಗೆ ಕನ್ನಡದಲ್ಲಿ ಹೇಳಬೇಕು, ನಮ್ಮ ಹುಡುಗರು ಏನು ಗೊಣಗ್ತಾರೋ ಅದನ್ನ ಸಾಹೇಬರಿಗೆ ಜಪಾನಿಯಲ್ಲಿ ಹೇಳಬೇಕು. ಬರೋ ಸೋಮವಾರದಿಂದ ಕೆಲಸ.

ಇವತ್ತು ಮಧ್ಯಾಹ್ನ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ರೊಟ್ಟಿ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದೆ. ಅವಳೇ ಓಡಿ ಬಂದಳು. ಒಂದು ಕಾಲಿಗೆ ಅವಳ ಚಪ್ಪಲಿ, ಇನ್ನೊಂದು ಕಾಲಿಗೆ ಅವ್ವನ ಚಪ್ಪಲಿ. "ಆಯಿ, ತಗೊಂಡ್ರು! ನನ್ನ ತಗೊಂಡ್ಬಿಟ್ರು!" ಅಂದಳು. ಮೊಣಕಾಲು ನೋವು ಅಂತ ದಿನಾ ನರಳೋ ನಾನು ಹೆಂಗೆ ಎದ್ದು ನಿಂತೆನೋ ನನಗೇ ಗೊತ್ತಿಲ್ಲ. ಪಕ್ಕದ ಸೊಪ್ಪಿನವಳಿಗೆ ಹೇಳಿದೆ. ಎದುರಿನ ಪಾತ್ರೆ ಅಂಗಡಿಯವನಿಗೆ ರಸ್ತೆ ದಾಟೋ ಹಂಗೆ ಕೂಗಿ ಹೇಳಿದೆ. ಸ್ಕೂಟರ್ ನಿಲ್ಲಿಸಿ ರೊಟ್ಟಿ ಕೇಳಿದ ಒಬ್ಬರಿಗೆ ರೊಟ್ಟಿ ಕೊಡೋಕೆ ಮೊದಲು ಇದನ್ನ ಹೇಳಿದೆ. ಪಾಪ, ಅವರು ಹೆಲ್ಮೆಟ್ಟು ತೆಗೆದು ಕೇಳಿಸಿಕೊಂಡರು. "ಒಳ್ಳೇದಾಗ್ಲಿ ಅಜ್ಜಿ. ಜಪಾನಿ ಎಲ್ಲಿ ಕಲಿತ್ಲು?" ಅಂದರು.

"ಕಾರ್ಟೂನು ನೋಡಿ ಕಲಿತ್ಲು," ಅಂದೆ.

ಅವರು ನಕ್ಕರು. ನಗಲಿ. ನಾಲ್ಕು ವರ್ಷದಿಂದ ಈ ಒಂದು ಮಾತಿಗೆ ಎಷ್ಟು ಜನ ನಕ್ಕಿದ್ದಾರೆ ಅನ್ನೋದು ನನಗೆ ಗೊತ್ತು. ಮೊದಮೊದಲು ನಾನೇ ಬೇರೆ ಏನಾದರೂ ಹೇಳಿ ಮಾತು ತೇಲಿಸ್ತಿದ್ದೆ, ಕಂಪ್ಯೂಟರ್ ಕ್ಲಾಸು ಅಂತಲೋ ಏನೋ. ಈಗ ಯಾಕೆ ತೇಲಿಸಲಿ? ಹೌದ್ರೀ, ಕಾರ್ಟೂನು ನೋಡಿಯೇ ಕಲಿತಳು. ದೊಡ್ಡ ಕಣ್ಣಿನ, ನೀಲಿ ಕೂದಲಿನ, ಕತ್ತಿ ಹಿಡಿದು ಆಕಾಶಕ್ಕೆ ನೆಗೆಯೋ ಗೊಂಬೆಗಳನ್ನ ನೋಡಿ ಕಲಿತಳು. "ಕಾರ್ಟೂನ್ ಅನ್ಬೇಡ ಆಯಿ, ಆನಿಮೆ ಅನ್ಬೇಕು" ಅಂತ ಅವಳು ನೂರು ಸಲ ತಿದ್ದಿದಾಳೆ. ನಮ್ಮ ಮನೆಯಲ್ಲಿ ಅದಕ್ಕೆ ಕಾರ್ಟೂನು ಅಂತಲೇ ಹೆಸರು ಬಿದ್ದಿದೆ, ಅದೇ ಹೆಸರಲ್ಲಿ ಗೆದ್ದಿದೆ, ಇನ್ನು ಬದಲಾಯಿಸೋದಿಲ್ಲ.

ನಾನು ಮೂರನೇ ಕ್ಲಾಸಿನವರೆಗೆ ಓದಿದೋಳು. ಯಾದಗಿರಿ ಕಡೆಯಿಂದ ಮಗನ ಜೊತೆ ಈ ಊರಿಗೆ ಬಂದು ಇಪ್ಪತ್ತು ವರ್ಷ ದಾಟಿತು. ತಿಪ್ಪಸಂದ್ರದ ಒಂದು ಓಣಿಯಲ್ಲಿ ಮಹಡಿ ಮೇಲೆ ಶೀಟು ಹೊದಿಸಿದ ಎರಡು ಕೋಣೆ ನಮ್ಮವು. ಮಗ ದೊಡ್ಡನೆಕ್ಕುಂದಿಯ ಒಂದು ಸಣ್ಣ ಶೆಡ್ಡಿನಲ್ಲಿ ತಗಡು ಒತ್ತೋ ಪ್ರೆಸ್ ಮಷೀನು ನಡೆಸ್ತಾನೆ. ಸೊಸೆ ಮಾರತ್ತಹಳ್ಳಿಯ ಆಫೀಸೊಂದರಲ್ಲಿ ಹೌಸ್‌ಕೀಪಿಂಗ್. ನಾನು ಜೋಳದ ರೊಟ್ಟಿ ಬಡಿದು ಮಾರ್ತೀನಿ. ಮೊಮ್ಮಗಳು ಒಬ್ಬಳೇ. ಕಾಲೇಜಿಂದ ಬಂದು ಮಧ್ಯಾಹ್ನ ನನ್ನ ಜೊತೆ ರೊಟ್ಟಿಗೆ ಕೂರ್ತಿದ್ದಳು. ಕೈ ಹಿಟ್ಟಿನಲ್ಲಿ, ಕಣ್ಣು ಫೋನಿನಲ್ಲಿ. ಫೋನಿನ ತುಂಬಾ ಜೋಳದ ಹಿಟ್ಟು. ಒಂದು ಸಲ ರಿಪೇರಿಯವನು ಅದನ್ನ ಬಿಚ್ಚಿ, "ಇದೇನಮ್ಮಾ, ಗಿರಣಿಯಲ್ಲಿ ಇಟ್ಟಿದ್ರಾ?" ಅಂದಿದ್ದ.

ಮೊದಲು ಮನೆಗೆ ಬಂದ ಮಾತು "ಸುಗೋಯ್". ಭಾರಿ ಐತಿ ಅಂತ ಅರ್ಥ. ರೊಟ್ಟಿ ಉಬ್ಬಿದರೆ ಸುಗೋಯ್, ಹೋದ ಕರೆಂಟು ಬಂದರೆ ಸುಗೋಯ್. ಆಮೇಲೆ "ಬಾಕಾ" ಬಂತು, ಅಂದರೆ ದಡ್ಡ. ಅದನ್ನ ಅವಳು ಹೆಚ್ಚಾಗಿ ಹಂಚಿನ ಹತ್ತಿರ ಬರೋ ಬೆಕ್ಕಿಗೆ ಅಂತಿದ್ದಳು. ಒಂದು ದಿನ ನನ್ನನ್ನ "ಒಬಾಚಾನ್" ಅಂದಳು.

"ಅಂದ್ರ ಏನು?"

"ಅಜ್ಜಿ ಅಂತ. ಮುದ್ದಿಗೆ."

"ಆಯಿ ಅನ್ನಾಕ ಏನಾಗೇತಿ ನಿನಗ?"

"ಏನೂ ಆಗಿಲ್ಲ. ಎರಡೂ ನೀನೇ."

ಇಂಥ ಮಾತಿಗೆ ಯಾವ ಅಜ್ಜಿ ಬೈತಾಳೆ ಹೇಳಿ. ಬರೀ ಮಾತಲ್ಲ, ಅಕ್ಷರಾನೂ ಕಲಿತಳು. ರೊಟ್ಟಿ ಹಿಟ್ಟು ನಾದೋ ಕೊಣಮಿಗೆಯಲ್ಲಿ ಒಣ ಹಿಟ್ಟು ಹರಡಿ ಬೆರಳಲ್ಲಿ ಗೆರೆ ಎಳೆಯೋಳು. ಒಂದೊಂದು ಅಕ್ಷರ ಮನೆ ಕಟ್ಟಿದಂಗೆ, ಮೇಲೊಂದು ಜಂತಿ, ಕೆಳಗೆರಡು ಕಂಬ. ನಾನು ಅದರ ಮೇಲೇ ನೀರು ಹಾಕಿ ಕಲಸಿಬಿಡ್ತಿದ್ದೆ. ಅವಳು ಇನ್ನೊಂದು ಬರೆಯೋಳು. ಹಂಗೇ ಜಪಾನಿ ಪರೀಕ್ಷೆನೂ ಕಟ್ಟಿ ಐದು ಮೆಟ್ಟಿಲಲ್ಲಿ ಕೆಳಗಿನ ಮೂರು ಪಾಸು ಮಾಡಿದಳು. ಆ ಸರ್ಟಿಫಿಕೇಟು ತಂದು ಅಪ್ಪನ ಮುಂದೆ ಹಿಡಿದರೆ ಅವನು ತಿರುಗಿಸಿ ನೋಡಿ, "ಇದನ್ನ ತೋರ್ಸಿದ್ರ ರೇಷನ್ ಕೊಡ್ತಾರೇನು?" ಅಂದ.

ಅವನೊಬ್ಬನೇ ಅಲ್ಲ. ನಮ್ಮ ಓನರ್ ಅಮ್ಮ ಕೆಳಗಡೆ ಮನೆಯಲ್ಲೇ ಇರೋದು. ಮೊಮ್ಮಗಳು ಕಾಲೇಜಿಗೆ ಹೊರಡುವಾಗ ಮೆಟ್ಟಿಲ ಮೇಲೆ ನಿಂತು "ಇತ್ತೆಕಿಮಾಸ್" ಅಂತ ಕೂಗೋಳು. ಓನರ್ ಅಮ್ಮ ಒಂದಿನ ನನ್ನನ್ನ ನಲ್ಲಿ ಹತ್ತಿರ ನಿಲ್ಲಿಸಿದರು.

"ಏನ್ರೀ, ನಿಮ್ಮ ಹುಡುಗಿ ದಿನಾ ಏನೋ ಮಂತ್ರ ಹೇಳ್ಕೊಂಡು ಹೋಗ್ತಾಳಲ್ಲ, ಯಾವ ದೇವರಿಗೆ ಸೇರ್ಕೊಂಡ್ಲು?"

"ಮಂತ್ರ ಅಲ್ರೀ ಅಮ್ಮಾ. ಹೋಗಿ ಬರ್ತೀನಿ ಅಂತ ಅದು. ಜಪಾನಿನೋರೂ ಬರೀ ಹೋಗ್ತೀನಿ ಅನ್ನಲ್ವಂತೆ. ನಮ್ಮಂಗೇ, ಹೋಗಿ ಬರ್ತೀನಿ ಅಂತಾರಂತೆ."

"ಕನ್ನಡದಲ್ಲಿ ಹೇಳಿದ್ರೆ ಆಗಲ್ವಾ?"

"ನಿಮ್ಮ ಮಗ ಬಾಯ್ ಅಂತ ಹೋಗ್ತಾನಲ್ರೀ, ಅದು ಯಾವ ದೇವರ ಮಂತ್ರ?"

ಓನರ್ ಅಮ್ಮ ಆ ವಾರ ನನ್ನ ಹತ್ತಿರ ರೊಟ್ಟಿ ತಗೊಳ್ಳಲಿಲ್ಲ. ಮುಂದಿನ ವಾರ ತಗೊಂಡರು. ನನ್ನ ರೊಟ್ಟಿ ಬಿಟ್ಟು ಎಲ್ಲಿಗೆ ಹೋಗ್ತಾರೆ?

ಹೋದ ವರ್ಷ ಹಲಸೂರು ಕೆರೆ ಹತ್ತಿರ ಇವಳಂಥವರೆಲ್ಲ ಒಂದು ಭಾನುವಾರ ಸೇರ್ತಾರೆ ಅಂತ ಗೊತ್ತಾಯಿತು. ಅವರು ತಮ್ಮನ್ನ ತಾವೇ "ಒತಾಕು" ಅಂತಾರೆ. ಆ ಗೊಂಬೆಗಳ ಹುಚ್ಚು ಹಿಡಿದವರು ಅಂತ. ಹುಚ್ಚು ಅಂತ ತಾವೇ ಒಪ್ಪಿಕೊಂಡ ಮೇಲೆ ಬೇರೆಯವರು ಅನ್ನೋದಕ್ಕೆ ಏನು ಉಳೀತು? ಮಗ ಕಳಿಸಲ್ಲ ಅಂದ. ನಾನು ಕಾವಲಿಗೆ ಹೋಗ್ತೀನಿ ಅಂದೆ. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಸ್ಸು ಹತ್ತಿದೆವು.

ಅಲ್ಲಿ ಮೂವತ್ತು ಮಕ್ಕಳಿದ್ದರೋ ಏನೋ. ಹಳದಿ ಕೂದಲು, ಕೆಂಪು ಕೂದಲು, ರಟ್ಟಿನ ಕತ್ತಿ, ಬೆನ್ನಿಗೆ ಬೆಡ್‌ಶೀಟಿನ ರೆಕ್ಕೆ. ವಾಕಿಂಗಿಗೆ ಬಂದ ಯಜಮಾನರೊಬ್ಬರು ನಿಂತು ನಿಂತು ನೋಡಿ, "ನಾಟಕ ಎಷ್ಟೊತ್ತಿಗಮ್ಮಾ?" ಅಂತ ನನ್ನನ್ನೇ ಕೇಳಿದರು. ಒಂದು ಹುಡುಗಿ ಶಿವಾಜಿನಗರದಿಂದ ಬಂದಿದ್ದಳು, ಟೈಲರ್ ಮಗಳು. ಅವಳು ವೇಷ ಹಾಕಿದ ಗೊಂಬೆಗೆ ನೀಲಿ ಕೂದಲು ಇರಬೇಕಲ್ಲ, ಇವಳು ಕೂದಲು ತೋರಿಸೋ ಹಂಗಿಲ್ಲ. ಅದಕ್ಕೆ ನೀಲಿ ದುಪಟ್ಟಾನೇ ಪಿನ್ನು ಚುಚ್ಚಿ ಚುಚ್ಚಿ ಜಡೆ ಇಳಿಬಿಟ್ಟಂಗೆ ಸುತ್ತಿಕೊಂಡಿದ್ದಳು. ಅಷ್ಟು ಅಂದದ ತಲೆ ನಾನು ನೋಡೇ ಇಲ್ಲ. ನನ್ನ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡು, "ದಾದಿ, ಸುಗೋಯ್!" ಅಂದಳು. ದಾದಿ ಅಂದರೆ ಅವರಲ್ಲಿ ಅಜ್ಜಿ. ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ಕನ್ನಡ, ನನ್ನ ರೊಟ್ಟಿಗೆ ಜಪಾನಿ. ಅವತ್ತಿಂದ ಇವರಿಬ್ಬರೂ "ನಕಾಮಾ". ಹೊಡೆದಾಟದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲೋ ಗೆಳತಿಯರು ಅಂತ ಅದರ ಅರ್ಥವಂತೆ. ಬಸ್ಸಿನಲ್ಲಿ ವಾಪಸ್ ಬರುವಾಗ ನಾನು ಅಂದುಕೊಂಡೆ, ಈ ಮಕ್ಕಳಲ್ಲಿ ಕೆಟ್ಟದ್ದು ಏನೂ ಇಲ್ಲ. ನಗೋರ ಕಣ್ಣಲ್ಲೇ ಏನೋ ಬಿದ್ದಿದೆ.

ಈ ವರ್ಷ ಡಿಗ್ರಿ ಮುಗೀತು. ಮಗ ಕೆ.ಆರ್. ಪುರದ ಕಡೆ ಒಂದು ಪ್ಯಾಕಿಂಗ್ ಗೋಡೌನಿನ ಸೂಪರ್‌ವೈಸರಿಗೆ ಮಾತು ಕೊಟ್ಟುಬಿಟ್ಟ, "ಸೋಮವಾರದಿಂದ ಮಗಳು ಬರ್ತಾಳ" ಅಂತ. ಪ್ಯಾಕಿಂಗ್ ಕೆಲಸ ಕೀಳು ಅಂತ ನಾನು ಹೇಳೋದಿಲ್ಲ. ರೊಟ್ಟಿ ಬಡಿಯೋಳು ನಾನು, ಯಾವ ಕೆಲಸವೂ ಕೀಳಲ್ಲ. ಆದರೆ ಅದೇ ವಾರ ಟೈಲರ್ ಮಗಳು ಒಂದು ಸುದ್ದಿ ತಂದಿದ್ದಳು. ದೊಡ್ಡನೆಕ್ಕುಂದಿಯ ಕಂಪನಿಗೆ ಜಪಾನಿ ಬರೋ ಹುಡುಗಿ ಬೇಕಂತೆ. ಇವಳು ಬುಧವಾರ ಇಂಟರ್‌ವ್ಯೂಗೆ ಹೋದಳು.

ಸಂಜೆ ಬಂದವಳು ಚಪ್ಪಲಿ ಬಿಡದೆ ಹಂಗೇ ಹೊಸ್ತಿಲಲ್ಲಿ ಕೂತಳು. ಅತ್ತು ಅತ್ತು ಮೂಗು ಕೆಂಪಾಗಿತ್ತು.

"ಏನಾತು?"

"ಎಲ್ಲಾ ಹಾಳಾಯ್ತು ಆಯಿ. ಅಲ್ಲೊಬ್ಬರು ವಯಸ್ಸಾದ ಜಪಾನಿ ಸಾಹೇಬ್ರು ಇದ್ರು. ನಿನ್ನ ಬಗ್ಗೆ ಹೇಳು ಅಂದ್ರು. ಭಯ ಆಯ್ತು. ಬಾಯಿಗೆ ಆನಿಮೆ ಮಾತೇ ಬಂದ್ಬಿಡ್ತು."

"ಬರಲಿ ಬಿಡು, ಅದೂ ಜಪಾನಿನೇ ಅಲ್ಲೇನು?"

"ಅದು ಹೊಡೆದಾಡೋ ಹುಡುಗರ ಮಾತು! ಎದೆ ಉಬ್ಬಿಸ್ಕೊಂಡು, ಲೇ ಬಾರೋ, ನಾನು ಯಾರು ಗೊತ್ತಾ ಅಂತಾರಲ್ಲ, ಹಂಗೆ. ಅಷ್ಟು ದೊಡ್ಡೋರಿಗೆ ಒಮಾಯೆ ಅಂದ್ಬಿಟ್ಟೆ. ಲೇ ನೀನು ಅಂದಂಗೆ! ಆಫೀಸಿನ ಮೇಡಂ ಪೆನ್ನು ಕೆಳಗಿಟ್ಬಿಟ್ರು."

"ಸಾಹೇಬ ಏನಂದ?"

"ನಕ್ಕರು. ತುಂಬಾ ನಕ್ಕರು. ಬಾಯಿ ಸರಿ ಮಾಡ್ಕೊಂಡು ಮುಂದಿನ ಬುಧವಾರ ಬಾ ಅಂದ್ರು. ಸುಮ್ನೆ ಅಂದಿರ್ತಾರೆ."

"ಸುಮ್ನೆ ಅನ್ನಾಕ ಅವ್ರೇನು ನಮ್ಮ ಬೀಗರೇನು? ಬಾ ಅಂದಾರ ಅಂದ್ರ ಬಾ ಅಂದಾರ."

ನನಗೆ ಆಗ ನಂದೇ ನೆನಪಾಯಿತು. ಈ ಊರಿಗೆ ಬಂದ ಹೊಸದರಲ್ಲಿ ಇಂದಿರಾನಗರದ ಒಂದು ಮನೆಯಲ್ಲಿ ಪಾತ್ರೆ ತಿಕ್ಕೋಕೆ ಹೋಗ್ತಿದ್ದೆ. ಆ ಮನೆಯ ಅಮ್ಮನಿಗೆ ಸೊಂಟ ನೋವು. ಬಗ್ಗಿ ಏನೋ ಎತ್ತೋಕೆ ಹೋದರು. ನಾನು ಪ್ರೀತಿಗೆ, "ನೀ ಕುಂದ್ರವ್ವ, ನಾ ಮಾಡ್ತೀನಿ" ಅಂದೆ. ನಮ್ಮ ಕಡೆ ಹೆತ್ತ ತಾಯಿಗೂ ನೀ ಅಂತೀವಿ, ದೇವರಿಗೂ ನೀ ಅಂತೀವಿ. ಆಯಮ್ಮನ ಮುಖ ಕಪ್ಪಾಯಿತು. "ಯಾರಿಗೆ ನೀ ಅಂತೀಯ? ಮರ್ಯಾದೆ ಕಲಿತ್ಕೊಂಡು ಬಾ" ಅಂದರು. ಕಣ್ಣೀರು ಹಾಕಿಕೊಂಡು ಮನೆಗೆ ಬಂದೆ. ಇವತ್ತಿಗೂ ಹೇಳ್ತೀನಿ, ನನ್ನ ಮಾತಿನಲ್ಲಿ ಮರ್ಯಾದೆ ಇತ್ತು, ಕೇಳೋ ಕಿವಿಗೆ ಅದು ಹತ್ತಲಿಲ್ಲ. ಆದರೂ ಹೊಟ್ಟೆ ಇದೆಯಲ್ಲ, ಕಲಿತೆ. ಎಲ್ಲಿ ಕಲಿತೆ? ಶಿವಾಜಿನಗರದ ಸೀರೆ ಅಂಗಡಿ ಮುಂದೆ. ಬಾಗಿಲಲ್ಲಿ ನಿಂತು ಕರೆಯೋರು ಇರ್ತಾರಲ್ಲ, "ಬನ್ನಿ ಮೇಡಂ, ಒಳಗೆ ಬನ್ನಿ, ಕೂತ್ಕೊಳ್ಳಿ, ತಗೊಳ್ದಿದ್ರೂ ಪರವಾಗಿಲ್ಲ ನೋಡಿ" ಅಂತ. ವ್ಯಾಪಾರದವನಿಗಿಂತ ಮರ್ಯಾದೆ ಯಾರಿಗೆ ಗೊತ್ತು? ಅವರ ಬಾಯಿ ನೋಡಿ ನೋಡಿ ನಾನು ಬೆಂಗಳೂರಿನ ನೀವು, ರೀ, ಬನ್ನಿ, ಹೋಗಿ ಎಲ್ಲಾ ಕಲಿತೆ.

ಮೊಮ್ಮಗಳನ್ನ ಕೇಳಿದೆ, "ನಿನ್ನ ಕಾರ್ಟೂನಿನಾಗ ಬರೇ ಕತ್ತಿ ಹಿಡದವ್ರೇ ಇರ್ತಾರೇನು? ಅಂಗಡಿಯವ್ರು ಇಲ್ಲ? ಖಾನಾವಳಿ ಇಲ್ಲ?"

"ಇದಾರೆ. ಬರ್ತಾರೆ, ಎರಡು ಮಾತಾಡ್ತಾರೆ, ಹೋಗ್ತಾರೆ."

"ಹೀರೋನ ಬಿಡು. ಆ ಎರಡು ಮಾತು ಕೇಳು. ಅಂಗಡಿಯವ್ರ ಬಾಯಿ ಕಲಿ."

ಅವಳು ಅಳು ನಿಲ್ಲಿಸಿ ನನ್ನನ್ನೇ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟಳು.

ಮಾರನೇ ದಿನದಿಂದ ನಮ್ಮ ಮನೆ ಫೋನಿನಲ್ಲಿ ಯಾರೂ ಹೊಡೆದಾಡಲಿಲ್ಲ. ಹೊಡೆದಾಟ ಬಂದರೆ ಇವಳು ಮುಂದಕ್ಕೆ ಓಡಿಸೋಳು. ಸಾರಿನಂಗಡಿ ಮುದುಕಿ ಬಂದರೆ ನಿಲ್ಲಿಸೋಳು, ಹತ್ತು ಸಲ ಕೇಳೋಳು. ಛತ್ರದಂಥ ಒಂದು ಮನೆ, ಅದರ ಯಜಮಾನಿ ನೆಲಕ್ಕೆ ಹಣೆ ಮುಟ್ಟೋ ಹಂಗೆ ಬಗ್ಗಿ ಬಂದವರನ್ನ ಕರೀತಾಳೆ, ಅದನ್ನಂತೂ ನನಗೂ ಬಾಯಿಪಾಠ ಆಗೋವರೆಗೆ ಹಾಕಿದಳು. ಟೈಲರ್ ಮಗಳು ಶಿವಾಜಿನಗರದಿಂದ ಫೋನಿನಲ್ಲೇ ತಪ್ಪು ಹಿಡಿಯೋಳು. ಶುಕ್ರವಾರ ಮೊಮ್ಮಗಳು ನನ್ನ ಜೊತೆ ಮಾರ್ಕೆಟ್ಟಿಗೆ ಬಂದು ಬುಟ್ಟಿ ಹಿಂದೆ ನಿಂತು, ಹೋಗೋ ಬರೋರಿಗೆಲ್ಲ ಬಗ್ಗಿ "ಇರಾಶಾಯ್ಮಾಸೆ" ಅಂದಳು. ದಯಮಾಡಿ ಬನ್ನಿ ಅಂತ.

ಒಬ್ಬ ಹೆಂಗಸು ಎರಡು ಹೆಜ್ಜೆ ಹಿಂದಕ್ಕೆ ಹೋದಳು. "ಏನಂತೆ ಅಜ್ಜಿ ಇವಳಿಗೆ?"

"ಮರ್ಯಾದೆ ಅಂತೆ," ಅಂದೆ. "ಎಷ್ಟು ರೊಟ್ಟಿ ಕೊಡಲಿ?"

ಅವತ್ತು ಬುಟ್ಟಿ ಬೇಗ ಖಾಲಿಯಾಯಿತು. ಸೊಪ್ಪಿನವಳು ಹೊಟ್ಟೆಕಿಚ್ಚಿಗೆ ತಾನೂ ಇರಾಶಾಯ್ಮಾಸೆ ಅಂದು ನೋಡಿದಳು.

ಆದರೆ ಮಗ ಜಗ್ಗಲಿಲ್ಲ. ಶುಕ್ರವಾರ ಊಟಕ್ಕೆ ಕೂತಾಗ ಹೇಳಿಬಿಟ್ಟ.

"ಸೋಮವಾರ ಗೋಡೌನಿಗೆ ಹೋಗೋದು ಖರೆ. ಮಾತು ಕೊಟ್ಟೀನಿ."

"ಅಪ್ಪಾ, ಬುಧವಾರ ಒಂದು ದಿನ..."

"ಸೇರಿ ಎರಡು ದಿನಕ್ಕ ಯಾರು ರಜಾ ಕೊಡ್ತಾರ? ಒಂದು ಸಲ ಹೋಗಿ ದೊಡ್ಡೋರಿಗೆ ಲೇ ಅಂದು ಬಂದೀ. ಇನ್ನ ಹೋಗಿ ಹೊಡ್ತ ತಿಂದು ಬರ್ತೀಯೇನು?"

ಅವಳು ತಟ್ಟೆ ಬಿಟ್ಟು ಎದ್ದಳು. ಮಗ ಕೆಟ್ಟವನಲ್ಲ. ತಾನು ಪಟ್ಟ ಅವಮಾನ ಮಗಳು ಪಡಬಾರದು ಅನ್ನೋದು ಅವನ ಭಯ. ಯಾವುದೋ ದೊಡ್ಡ ಗೇಟಿನಲ್ಲಿ ಸೆಕ್ಯೂರಿಟಿಯವನು ಕೈ ಅಡ್ಡ ಹಿಡಿದದ್ದು, ಆಫೀಸಿನಲ್ಲಿ ಯಾರೋ ಇವನ ಕನ್ನಡಕ್ಕೆ ನಕ್ಕಿದ್ದು, ಅದೆಲ್ಲ ಅವನ ಹೊಟ್ಟೆಯಲ್ಲಿದೆ. ಅದು ನನಗೆ ಗೊತ್ತು. ಗೊತ್ತಿದ್ದೂ ಬಿಡಲಿಲ್ಲ.

ಶನಿವಾರ ಬೆಳಿಗ್ಗೆ ನಾನು ಒಲೆ ಹಚ್ಚಲಿಲ್ಲ. ಇಪ್ಪತ್ತು ವರ್ಷದಲ್ಲಿ ಜ್ವರ ಬಂದಾಗ ಬಿಟ್ಟರೆ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯೋ ಸಪ್ಪಳ ಇಲ್ಲದೆ ಬೆಳಗಾಗಿದ್ದೇ ಇಲ್ಲ. ಆ ಸಪ್ಪಳಕ್ಕೇ ಮಗ ಏಳೋದು. ಅವತ್ತು ಹೊತ್ತು ಮೀರಿ ಎದ್ದು ಗಾಬರಿಯಾಗಿ ಬಂದ.

"ಅವ್ವಾ, ರೊಟ್ಟಿ?"

"ಇಲ್ಲ."

"ಯಾಕ, ಮೈಯಾಗ ಆರಾಮಿಲ್ಲೇನು?"

"ಆರಾಮ ಅದೀನಿ. ಕೈ ಒಲ್ಲೆ ಅಂತಾವ."

"ಕೈ ಒಲ್ಲೆ ಅಂತಾವೋ, ನೀ ಒಲ್ಲೆ ಅಂತೀಯೋ?"

"ಇಬ್ರೂ ಮಾತಾಡ್ಕೊಂಡೀವಿ."

ಅವನು ಸೊಸೆ ಕಡೆ ನೋಡಿದ. ಹತ್ತು ವರ್ಷದೋಳು ಇದ್ದಾಗಿಂದ ರೊಟ್ಟಿ ಬಡಿದ ನನ್ನ ಸೊಸೆ, ಬ್ಯಾಗು ಹೆಗಲಿಗೆ ಹಾಕಿಕೊಳ್ತಾ, "ನನಗ ಬರಂಗಿಲ್ಲಪ್ಪಾ ರೊಟ್ಟಿ" ಅಂದಳು. ಅಂದು ಕೆಲಸಕ್ಕೆ ಹೊರಟೇ ಹೋದಳು. ನಾನು ಗೋಡೆ ಕಡೆ ತಿರುಗಿ ನಗು ನುಂಗಿದೆ.

ಶನಿವಾರ ಮಗ ಬೇಕರಿ ಬನ್ನು ತಿಂದ. ಭಾನುವಾರ ಬೆಳಿಗ್ಗೆ ಇಡ್ಲಿ ತಂದು ತಿಂದ. ಮಧ್ಯಾಹ್ನ ಅನ್ನ ಇತ್ತು, ಆದರೆ ರೊಟ್ಟಿ ಇಲ್ಲದೆ ಅವನಿಗೆ ಊಟ ಮಾಡಿದಂಗೇ ಆಗಲ್ಲ. ಒಂದು ಸಲ ತಾನೇ ಹಿಟ್ಟಿಗೆ ಕೈ ಹಾಕಿದ. ತಣ್ಣೀರು ಹಾಕಿ ಕಲಸಿದರೆ ಜೋಳ ಕೂಡುತ್ತಾ? ಪುಡಿ ಪುಡಿ ಆಯಿತು. ನಾನು ನೋಡ್ತಾ ಕೂತೆ. ರೊಟ್ಟಿ ಕೇಳಿಕೊಂಡು ಓನರ್ ಅಮ್ಮನೇ ಮೆಟ್ಟಿಲು ಹತ್ತಿ ಬಂದರು. ಬಾಗಿಲಲ್ಲಿ ನಿಂತ ಮಗನಿಗೆ, "ಏನ್ ಗಲಾಟೆನೋ ಏನೋ, ಬೇಗ ಮುಗಿಸಪ್ಪಾ, ನಮ್ಮ ಮನೇಲಿ ಇವತ್ತು ನೆಂಟರು" ಅಂದರು.

ಸಾಯಂಕಾಲ ಅವನು ನನ್ನ ಮುಂದೆ ಬಂದು ಕೂತ. ತಲೆ ಕೆಳಗೆ.

"ಅಲ್ಲವ್ವಾ, ಅವರು ಬ್ಯಾಡ ಅಂದ್ರ? ಇಕಿ ಅಳಕೋತ ಬಂದ್ರ?"

"ಬರ್ಲಿ. ಅತ್ತು ಹಗುರಾಗಿ ಆಮೇಲೆ ಗೋಡೌನಿಗೆ ಹೋಗ್ತಾಳ. ಹೋಗಿ ಕೇಳಿ ಇಲ್ಲ ಅನ್ನಿಸ್ಕೊಂಡು ಬರ್ಲಿ. ಕೇಳದ ಇಲ್ಲ ಅನ್ನಿಸ್ಕೋಬಾರ್ದು ನನ್ನ ಕೂಸು."

"ಸೂಪರ್‌ವೈಸರಿಗೆ ಏನಂತ ಹೇಳಲಿ?"

"ನಮ್ಮವ್ವ ಹುಚ್ಚಿ ಅಂತ ಹೇಳು. ಒಬ್ಬೊಬ್ರು ಒಂದೊಂದು ಹುಚ್ಚು ಹಿಡಿಸ್ಕೊಂಡಿರ್ತಾರ."

ಅವನು ಎದ್ದು ಫೋನು ತಗೊಂಡು ಹೊರಗೆ ಹೋದ. "ಗುರುವಾರದಿಂದ ಬರ್ತಾಳ್ರೀ" ಅಂತ ಅನ್ನೋದು ಕೇಳಿಸಿತು. ಬರಲ್ಲ ಅಂತ ಅವನು ಹೇಳಲಿಲ್ಲ. ಇರಲಿ. ನನಗೆ ಬೇಕಾಗಿದ್ದದ್ದು ಬುಧವಾರ. ನಾನು ಒಲೆ ಹಚ್ಚಿದೆ.

ಬುಧವಾರ ಅವನೇ ಬೈಕಿನಲ್ಲಿ ಕರೆದುಕೊಂಡು ಹೋದ. ಹಿಂದೆ ಮೊಮ್ಮಗಳು. ನಾನೂ ಬರ್ತೀನಿ ಅಂದೆ, ಮೂವರು ಕೂರೋಕೆ ಆಗಲ್ಲ ಅಂದ. ನಾನು ಆಟೋ ಮಾಡಿಕೊಂಡು ಹಿಂದೆಯೇ ಹೋದೆ! ಗೇಟಿನ ಹತ್ತಿರ ಸೆಕ್ಯೂರಿಟಿಯವನು ನನಗೊಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟ. ಮಗ ಕೂರಲಿಲ್ಲ. ಕಾಂಪೌಂಡಿನ ಉದ್ದಕ್ಕೂ ಹೋಗೋದು, ಬರೋದು.

ಒಳಗೆ ನಡೆದದ್ದನ್ನ ಆಮೇಲೆ ಅವಳು ಹೇಳಿದ್ದು. ಹೋದ ತಕ್ಷಣ ಛತ್ರದ ಯಜಮಾನಿ ಹಂಗೇ ಬಗ್ಗಿ ನಮಸ್ಕಾರ ಮಾಡಿದಳಂತೆ. ಸಾಹೇಬರು ಕೂತ್ಕೋ ಅಂದರೆ, ತಾವು ದಯಮಾಡಿ ಮೊದಲು ಕೂರಬೇಕು ಅಂದಳಂತೆ. ನೀರು ಬೇಕಾ ಅಂದರೆ, ತಮ್ಮಂಥವರ ಕೈಯಿಂದ ನೀರು ಪಡೆಯೋ ಭಾಗ್ಯ ಅಂದಳಂತೆ. ಸಾಹೇಬರು ಈ ಸಲ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನಕ್ಕರಂತೆ. ಆಫೀಸಿನ ಮೇಡಮ್ಮಿಗೆ ಹೇಳಿದರಂತೆ, "ಹೋದ ವಾರ ಒಬ್ಬ ರೌಡಿ ಬಂದಿದ್ದ. ಈ ವಾರ ಹೋಟೆಲಿನವಳು ಬಂದಿದ್ದಾಳೆ. ನಮಗೆ ಬೇಕಾದವಳು ಇವರಿಬ್ಬರ ನಡುವೆ ಎಲ್ಲೋ ಇದ್ದಾಳೆ, ಹುಡುಕೋಣ."

ಆಮೇಲೆ ಅವಳನ್ನ ಮಷೀನುಗಳ ಹತ್ತಿರ ಕರೆದುಕೊಂಡು ಹೋದರು. ಅಲ್ಲೊಬ್ಬ ಫಿಟ್ಟರ್, ರಾಯಚೂರು ಕಡೆಯವನು. ಅವನು ತನ್ನ ಮಾತಿನಲ್ಲೇ, "ಈ ಪಟ್ಟಾ ಒಂದ್ ಕಡಿ ವಾಲಾಕತ್ತೈತ್ರಿ, ಒಳಗ ಏನೋ ಕರಕರ ಅಂತೈತಿ, ಬಿಸಿ ಆದ್ ಮ್ಯಾಲ ಸುಮ್ಮ ಆಗ್ತೈತಿ" ಅಂದ. ಮೇಡಮ್ಮಿಗೆ ಅರ್ಧ ಗೊತ್ತಾಯಿತು, ಅರ್ಧ ಗೊತ್ತಾಗಲಿಲ್ಲ. ನನ್ನ ಕೂಸಿಗೆ ಪೂರ್ತಿ ಗೊತ್ತಾಯಿತು, ಅದು ಅವಳ ಮನೆಯ ಮಾತು. ತಿರುಗಿ ಸಾಹೇಬರಿಗೆ ಹೇಳಿದಳು. ಎರಡು ಮಾತಿಗೆ ಜಪಾನಿ ಸಿಗದೆ ಕೈಯಲ್ಲಿ ತೋರಿಸಿದಳು, ಬಾಯಲ್ಲಿ ಕರಕರ ಸಪ್ಪಳ ಮಾಡಿದಳು. ಸಾಹೇಬರು ನಗಲಿಲ್ಲ ಆಗ. ಮಷೀನು ನಿಲ್ಲಿಸಿ, ಅಂಗಿ ತೋಳು ಮಡಚಿ ಒಳಗೆ ಕೈ ಹಾಕಿ ಎಲ್ಲಿಂದ ಸಪ್ಪಳ ಬರ್ತಿತ್ತು ಅಂತ ನೋಡಿದರು. ಅವಳು ತೋರಿಸಿದಂಗೆ ಬೆಲ್ಟು ವಾಲಿದ ಕಡೆಯೇ ಇತ್ತು ದೋಷ.

ಎರಡು ದಿನದಲ್ಲಿ ತಿಳಿಸ್ತೀವಿ ಅಂದರು. ಗುರುವಾರ ಗೋಡೌನಿಗೆ ಹೋಗು ಅಂತ ಮಗ ಹೇಳಬೇಕಿತ್ತು, ಹೇಳಲಿಲ್ಲ. ಫೋನು ಚಾರ್ಜಿಗೆ ಹಾಕಿದೀಯಾ ಅಂತ ಮಾತ್ರ ಕೇಳಿದ. ಇವತ್ತು ಶುಕ್ರವಾರ.

ನಾನು ಮಾರ್ಕೆಟ್ಟಿಂದ ಬುಟ್ಟಿ ಎತ್ತಿಕೊಂಡು ಬಂದೆ. ಓನರ್ ಅಮ್ಮನ ಬಾಗಿಲು ನಾನೇ ತಟ್ಟಿದೆ. "ಮಂತ್ರ ಫಲ ಕೊಡ್ತು ಕಣ್ರೀ ಅಮ್ಮಾ" ಅಂದೆ. ಬೆಲ್ಲದ ಚೂರು ಅವರ ಬಾಯಿಗೆ ಹಾಕಿಯೇ ಮೇಲೆ ಬಂದೆ. ಅವರೂ ನಕ್ಕರು, ನಾಚಿಕೊಂಡು ನಕ್ಕರು. ನನಗೆ ಅಷ್ಟು ಸಾಕು. ಸಾಕಾಗಲಿಲ್ಲ ಅಂದರೆ ನಾಳೆನೂ ಒಂದು ಸಲ ಹೇಳ್ತೀನಿ.

ಸಂಜೆ ಎಣ್ಣೆಗಾಯಿ ಮಾಡಿದೆ, ಪುಂಡಿ ಪಲ್ಯ ಮಾಡಿದೆ, ಸೊಸೆ ರಜಾ ಕೇಳಿ ಬೇಗ ಬಂದು ಹೋಳಿಗೆ ತಟ್ಟಿದಳು. ಶಿವಾಜಿನಗರದಿಂದ ಟೈಲರ್ ಮಗಳು ಅವಳ ಅಮ್ಮ ಮಾಡಿದ ಖೀರು ಡಬ್ಬಿಯಲ್ಲಿ ಹಿಡಿದು ಬಂದಳು. ಬಾಗಿಲಲ್ಲೇ ಇವರಿಬ್ಬರೂ ಅಪ್ಪಿಕೊಂಡು ಕುಣಿದರು. ಶೀಟು ಹಾರಿ ಹೋಗ್ತದೆ ಅಂತ ನಾನು ಕೂಗಿದೆ. ಕೋಣೆ ತುಂಬಿತು. ಮಂಚ ಎತ್ತಿ ಗೋಡೆಗೆ ನಿಲ್ಲಿಸಿ ಐದು ಜನಕ್ಕೆ ದುಂಡಗೆ ಜಾಗ ಮಾಡಿದೆವು.

ಮಗ ತಡವಾಗಿ ಬಂದ, ಕೈ ತೊಳೆದು ಕೂತ. ನಾಲ್ಕು ತುತ್ತು ತಿಂದ. ಆಮೇಲೆ ಎಡಗೈಯಲ್ಲಿ ಫೋನು ತೆಗೆದು ಮಗಳ ಮುಂದೆ ಹಿಡಿದ. ಒಂದು ಫೋಟೋ. ಅವನು ನಡೆಸೋ ಪ್ರೆಸ್ ಮಷೀನಿನ ಮೇಲೆ ಒಂದು ಹಳೇ ಕೆಂಪು ಸ್ಟಿಕರ್ರು, ತುಂಬ ಜಪಾನಿ ಅಕ್ಷರ. ಇವತ್ತು ಊಟದ ಹೊತ್ತಿನಲ್ಲಿ ಹೊಡೆದಿದ್ದನಂತೆ.

"ಹನ್ನೊಂದು ವರ್ಷ ಆತು ಇದರ ಮುಂದ ನಿಂತು. ಏನು ಬರದಾರ ನೋಡು."

ಅವಳು ಫೋನಿಗೆ ಬಗ್ಗಿದಳು. ಟೈಲರ್ ಮಗಳೂ ಬಗ್ಗಿದಳು. ಇಬ್ಬರೂ ಬೆರಳಿಟ್ಟು ಪಿಸುಪಿಸು ಮಾಡಿದರು.

"ಮಷೀನು ನಡೆಯುವಾಗ ಕೈ ಒಳಗೆ ಹಾಕಬೇಡಿ ಅಂತ. ಆಮೇಲೆ... ಈ ಒಂದು ಅಕ್ಷರ ನಂಗೆ ಬರಲ್ಲಪ್ಪಾ. ನೋಡಿ ಹೇಳ್ತೀನಿ."

"ಕೈ ಹಾಕಬಾರ್ದು ಅನ್ನೂದು ನನಗ ಮೊದಲೇ ಗೊತ್ತಿತ್ತು ಬಿಡು," ಅಂದ ಮಗ. ಅವನ ತೋರುಬೆರಳಿನ ತುದಿ ಇಲ್ಲದ್ದು ನಮಗೆಲ್ಲ ಗೊತ್ತು. ಅವನೇ ಮೊದಲು ನಕ್ಕ. "ಆ ಬರಲಾರದ ಅಕ್ಷರನೂ ಕಲ್ತು ಹೇಳು. ನಮ್ಮ ಶೆಡ್ಡಿನ ಹುಡುಗ್ರಿಗೆ ಕನ್ನಡದಾಗ ಬರದು ಹಚ್ಚತೀನಿ."

"ಹೂಂ ಅಪ್ಪಾ."

"ಉಣ್ಣು ಮೊದಲು."

ಸೊಸೆ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಅವನು ಅದನ್ನ ಮುರಿದು ಅರ್ಧ ಮಗಳಿಗೆ ಕೊಟ್ಟ, ಇನ್ನರ್ಧಕ್ಕೆ ಎಣ್ಣೆಗಾಯಿ ಹಚ್ಚಿಕೊಂಡು ತಿಂದ. ಟೈಲರ್ ಮಗಳು ಖೀರಿನ ಡಬ್ಬಿ ಮುಚ್ಚಳ ತೆಗೆದಳು. ಎಲ್ಲರೂ ಒಟ್ಟಿಗೆ ಕೈ ಚಾಚಿದೆವು.